ರಾಮಬಾಣದ ಅರಳೆ

ನನ್ನನ್ನು ಆ ಮನೆಗೆ ಸೊಸೆಯಾಗಿ ತಂದುಕೊಂಡದ್ದು ನನಗೆ ಮರಾಠಿ ಬರುತ್ತದೆಂದು. ಬಣ್ಣ ನೋಡಲಿಲ್ಲ, ಜಡೆಯ ಉದ್ದ ನೋಡಲಿಲ್ಲ. ಬೆಳಗಾವಿಯ ಹುಡುಗಿ, ಮರಾಠಿಯನ್ನು ಕನ್ನಡದಷ್ಟೇ ಸಲೀಸಾಗಿ ಮಾತಾಡುತ್ತಾಳೆ, ಟೈಪಿಂಗ್ ಕಲಿತಿದ್ದಾಳೆ, ಮುಂಬಯಿಯಲ್ಲಿ ಸಂಸಾರ ಹೂಡಲು ಇಷ್ಟು ಸಾಕು ಎಂದು ಬಿಜಾಪುರದ ಕಡೆಯವರಾದ ನನ್ನ ಅತ್ತೆಯ ಮನೆಯವರು ತೀರ್ಮಾನಿಸಿದ್ದರು. ಮುಂಬಯಿಗೆ ಬಂದು ಆರು ವರ್ಷವಾದರೂ ಮರಾಠಿಯಲ್ಲಿ ಮೂರು ವಾಕ್ಯ ಕೂಡಿಸಲಾರದ ಗಂಡನಿಗೆ ನಾನು ಹೆಂಡತಿಯೂ ಹೌದು, ದುಭಾಷಿಯೂ ಹೌದು. ‘ಗಂಡ’ ಎಂದು ಬರೆದೆ. ಬಾಯಿಗೆ ಈಗಲೂ ‘ಇವರು’ ಎಂದೇ ಬರುವುದು.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ನಾವು ಘಾಟ್ಕೋಪರಿನ ಪೂರ್ವ ಭಾಗದ ಒಂದು ಚಾಳಿನ ನೆಲಮಹಡಿಯಲ್ಲಿದ್ದೆವು. ಒಂದೇ ಖೋಲಿ. ಮೂಲೆಯಲ್ಲಿ ಪಾತ್ರೆ ತೊಳೆಯುವುದಕ್ಕೂ ಸ್ನಾನಕ್ಕೂ ಸೇರಿ ಗೇಣೆತ್ತರದ ಕಟ್ಟೆ ಕಟ್ಟಿದ ಒಂದು ಮೋರಿ. ನೀರು ಬೇಕೆಂದರೆ ಅಂಗಳದ ನಲ್ಲಿಗೆ ಹೋಗಬೇಕು. ಅದೂ ಬೆಳಗಿನ ನಾಲ್ಕೂವರೆಯಿಂದ ಆರರವರೆಗೆ. ನಾನು ಗ್ರಾಂಟ್ ರೋಡಿನ ಒಂದು ಸಣ್ಣ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಘಾಟ್ಕೋಪರಿನಿಂದ ದಾದರ್‌ವರೆಗೆ ಒಂದು ಲೋಕಲ್, ಅಲ್ಲಿ ಸೇತುವೆ ಹತ್ತಿ ಇಳಿದು ಇನ್ನೊಂದು ಲೋಕಲ್. ಇವರಿಗೆ ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ. ಒಂದು ವಾರ ಬೆಳಿಗ್ಗೆ, ಒಂದು ವಾರ ಮಧ್ಯಾಹ್ನ, ಒಂದು ವಾರ ರಾತ್ರಿ. ಒಂದೇ ಹಾಸಿಗೆಯಲ್ಲಿ ನಾವಿಬ್ಬರೂ ಪಾಳಿಯ ಮೇಲೆ ಮಲಗುತ್ತಿದ್ದೆವು.

ಆ ವರ್ಷಗಳಲ್ಲಿ ಏನೇನು ನಡೆಯಿತೆಂದು ಯಾರಾದರೂ ಕೇಳಿದರೆ ನನಗೆ ಘಟನೆಗಳು ನೆನಪಾಗುವುದಿಲ್ಲ, ದಣಿವು ನೆನಪಾಗುತ್ತದೆ. ಲೇಡೀಸ್ ಡಬ್ಬಿಯಲ್ಲಿ ನಿಂತೇ ಕಣ್ಣು ಮುಚ್ಚುತ್ತಿದ್ದೆ. ಟೈಪ್ ಮಾಡುವಾಗ ಒಂದೇ ಸಾಲನ್ನು ಎರಡು ಸಲ ಹೊಡೆದು ಬೈಸಿಕೊಳ್ಳುತ್ತಿದ್ದೆ. ಭಾನುವಾರ ನಿದ್ದೆ ಮಾಡೋಣವೆಂದರೆ ಅಂದೇ ಅಕ್ಕಿ ಆರಿಸಬೇಕು, ರೇಷನ್ ಸಾಲಿನಲ್ಲಿ ನಿಲ್ಲಬೇಕು, ವಾರದ ಬಟ್ಟೆ ಒಗೆಯಬೇಕು. ನನಗೆ ಆಗ ಇಪ್ಪತ್ತಾರು ವರ್ಷ.

ದಣಿದವಳು ದುಭಾಷಿಯಾದರೆ ಏನಾಗುತ್ತದೆ ಎಂಬುದು ಇವರಿಗೆ ಬೇಗ ಗೊತ್ತಾಯಿತು. ಹಾಲಿನವನು ಬಾಗಿಲಲ್ಲಿ ನಿಂತು ಎಮ್ಮೆಯ ಕತೆ, ಮಳೆಯ ಕತೆ, ಅವನ ತಮ್ಮನ ಮದುವೆಯ ಕತೆ ಎಲ್ಲ ಹೇಳಿ ಮುಗಿಸಿದರೆ ನಾನು ಇವರ ಕಡೆ ತಿರುಗಿ “ನಾಳೆ ಹಾಲಿಲ್ಲಂತ” ಎನ್ನುತ್ತಿದ್ದೆ.

“ಅಂವ ಅಷ್ಟೊತ್ತು ಒದರಿದ್ದು ಬರೇ ಇಷ್ಟ ಏನು?” ಎಂದು ಇವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅದರಲ್ಲಿ ಕೆಟ್ಟದ್ದೇನಿದೆ ಎಂದು ಆಗ ಅನ್ನಿಸಿರಲಿಲ್ಲ.

ಎಪ್ಪತ್ತೊಂದೋ ಎಪ್ಪತ್ತೆರಡೋ ಇರಬೇಕು, ದೀಪಾವಳಿ ಮುಗಿದ ಮೇಲೆ ಅತ್ತೆ ಊರಿನಿಂದ ಬಂದರು. ನಮ್ಮ ಸಂಸಾರ ನೋಡಲಿಕ್ಕೆ ಬಂದವರಲ್ಲ, ಕಾಲು ತೋರಿಸಿಕೊಳ್ಳಲಿಕ್ಕೆ ಬಂದವರು. ಹೊಲದ ಬದುವಿನಲ್ಲಿ ಬಲಗಾಲಿನ ಹೆಬ್ಬೆರಳ ಬುಡಕ್ಕೆ ಜಾಲಿಮುಳ್ಳು ಚುಚ್ಚಿತ್ತು. ಮುಳ್ಳು ಹೋದರೂ ಗಾಯ ಹೋಗಲಿಲ್ಲ. ಸಕ್ಕರೆ ಕಾಯಿಲೆ ಇದೆಯೆಂದು ಅವರಿಗೆ ಗೊತ್ತಾದದ್ದೇ ಮುಂಬಯಿಗೆ ಬಂದ ಮೇಲೆ.

ಅತ್ತೆ ಬರಿಗಾಲಲ್ಲಿ ನಡೆದೇ ಬದುಕಿದ ಹೆಂಗಸು. ಊರಿನಿಂದ ಹೊಲಕ್ಕೆ ಒಂದು ಹರದಾರಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಅಲ್ಲಿ ಹಿರಿಯ ಮಗನ ಸಂಸಾರವಿತ್ತು, ಆದರೆ ಹೊಲದ ಯಜಮಾನಿಕೆ ಅತ್ತೆಯದೇ. ನಮ್ಮ ಖೋಲಿಯ ಹೊಸ್ತಿಲಲ್ಲಿ ಕಾಲು ಚಾಚಿ ಕೂತು, ಹೋಗಿ ಬರುವವರ ಚಪ್ಪಲಿ ನೋಡುತ್ತ, “ಯುಗಾದಿಗೆ ನಾ ಊರಾಗ ಇರಬೇಕು ನೋಡ. ರಾಶಿ ಮಾಡೂ ಹೊತ್ತಿಗೆ ನಾ ಇಲ್ಲಂದ್ರ ಅವರು ಕಾಳಿನ ಸಂಗಾಟ ಮಣ್ಣೂ ತುಂಬತಾರ” ಎನ್ನುತ್ತಿದ್ದರು. ಮಾತು ಚುರುಕು. ನನ್ನ ರೊಟ್ಟಿಯ ಬಗ್ಗೆ, ನನ್ನ ಕುಂಕುಮದ ಗಾತ್ರದ ಬಗ್ಗೆ, ನಾನು ಕೊಡ ಹಿಡಿಯುವ ರೀತಿಯ ಬಗ್ಗೆ ಅವರಿಗೆ ಅಭಿಪ್ರಾಯಗಳಿದ್ದವು. ನಾನು ಅವರನ್ನು ಪ್ರೀತಿಸುತ್ತಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಹೆದರುತ್ತಿದ್ದೆ, ಜೊತೆಗೆ ಸ್ವಲ್ಪ ಮೆಚ್ಚುತ್ತಿದ್ದೆ.

ಎರಡು ಸ್ಟೇಷನ್ ಆಚೆಯ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು ಗಾಯ ನೋಡಿ ಮರಾಠಿಯಲ್ಲಿ ನಿಧಾನವಾಗಿ ಹೇಳಿದರು. ದಿನ ಬಿಟ್ಟು ದಿನ ಬಂದು ಡ್ರೆಸ್ಸಿಂಗ್ ಮಾಡಿಸಬೇಕು, ಒಂದೂ ತಪ್ಪಿಸಕೂಡದು; ಹೋಳಿಯ ಹೊತ್ತಿಗೆ ಗಾಯ ಮಾಗುತ್ತದೆ; ತಪ್ಪಿಸಿದರೆ ಬೆರಳು ಹೋಗುತ್ತದೆ, ಆಮೇಲೆ ಕಾಲು. ಈ ಮಾತನ್ನು ಮಾತ್ರ ನಾನು ಮೊಟಕು ಮಾಡದೆ ಅತ್ತೆಗೆ ಹೇಳಿದೆ. ಅವರು ಕೇಳಿಸಿಕೊಂಡು, “ಅಂದ್ರ ನೀ ದಿನಾ ಬಿಟ್ಟ ದಿನಾ ರಜಾ ಹಾಕ್ತೀಯೇನು?” ಎಂದರು.

ರಜೆ ಹಾಕಲಿಲ್ಲ. ನೀರು ತುಂಬಿ, ಅಡುಗೆ ಮಾಡಿ, ಅತ್ತೆಯ ಕೈ ಹಿಡಿದು ಆರೂವರೆಗೆ ಹೊರಟು, ಅವರನ್ನು ಲೋಕಲ್ಲಿಗೆ ಹತ್ತಿಸಿ ಇಳಿಸಿ, ಆಸ್ಪತ್ರೆಯ ಬೆಂಚಿನ ಮೇಲೆ ಸಾಲು ಕೂತು, ಡ್ರೆಸ್ಸಿಂಗ್ ಮಾಡಿಸಿ, ಮತ್ತೆ ಮನೆಗೆ ತಂದು ಬಿಟ್ಟು, ಮತ್ತೆ ಸ್ಟೇಷನ್ನಿಗೆ ಓಡುತ್ತಿದ್ದೆ. ಆಫೀಸು ಮುಟ್ಟುವಾಗ ಹನ್ನೊಂದು ದಾಟಿರುತ್ತಿತ್ತು. ಹೆಡ್‌ಕ್ಲಾರ್ಕ್ ಗಡಿಯಾರ ನೋಡುತ್ತಿದ್ದರು. ಇವರು ಕರೆದುಕೊಂಡು ಹೋಗಬಹುದಿತ್ತಲ್ಲ ಎಂದರೆ, ಹೋದರು, ಎರಡು ಸಲ. ಮರಾಠಿ ಬಾರದೆ ತಪ್ಪು ಸಾಲಿನಲ್ಲಿ ಕೂತು, ಒಮ್ಮೆ ಕಣ್ಣಿನ ಡಾಕ್ಟರ ಮುಂದೆ ಅತ್ತೆಯ ಕಾಲು ಚಾಚಿಸಿ ಬಂದರು. ಆಮೇಲೆ ಆ ಕೆಲಸ ನನ್ನದೇ ಆಯಿತು.

ಅತ್ತೆಗೂ ಆ ಡ್ರೆಸ್ಸಿಂಗ್ ಎಂದರೆ ಆಗುತ್ತಿರಲಿಲ್ಲ. ಒಣಗಿ ಅಂಟಿದ ಅರಳೆಯನ್ನು ನರ್ಸು ಕಿತ್ತಾಗ ಅವರು ಕೂಗುತ್ತಿರಲಿಲ್ಲ; ನನ್ನ ಮುಂಗೈ ಹಿಸುಕುತ್ತಿದ್ದರು. ನನ್ನ ಬಳೆ ಎರಡು ಅಲ್ಲಿ ಒಡೆದವು. ಹೀಗೆ ನವೆಂಬರ್ ಕಳೆಯಿತು, ಡಿಸೆಂಬರ್ ಕಳೆಯಿತು.

ನಮ್ಮ ಪಕ್ಕದ ಖೋಲಿಯಲ್ಲಿ ಕೊಂಕಣದ ಕಡೆಯ ಒಬ್ಬ ವಿಧವೆ ಇದ್ದರು. ಚಾಳಿಗೆಲ್ಲ ಅವರು ಮಾವಶಿ, ಎಂದರೆ ಚಿಕ್ಕಮ್ಮ. ಚಾಳಿನಿಂದ ಪೂರ್ವಕ್ಕೆ ಹೆದ್ದಾರಿ ದಾಟಿದರೆ ಉಪ್ಪಿನ ಆಗರಗಳು, ಅದರಾಚೆ ಖಾಡಿ, ಎಂದರೆ ಸಮುದ್ರದ ಹಿನ್ನೀರು. ಹೆದ್ದಾರಿಗೂ ಆಗರಕ್ಕೂ ನಡುವಿನ ತಗ್ಗಿನಲ್ಲಿ ಊರಿನ ಗಟಾರುಗಳ ನೀರೆಲ್ಲ ಬಂದು ನಿಲ್ಲುತ್ತಿತ್ತು. ಆ ಕೆಸರಿನ ತುಂಬ ಆಳೆತ್ತರದ ಹುಲ್ಲು. ಮಾವಶಿ ಅಲ್ಲಿಂದ ಉದ್ದನೆಯ ಎಲೆ ಕೊಯ್ದು ತಂದು, ಒಣಗಿಸಿ, ಚಾಪೆ ಹೆಣೆದು ಮಾರುತ್ತಿದ್ದರು.

ಜನವರಿಯ ಒಂದು ಸಂಜೆ. ನಾನು ರೈಲಿನಿಂದ ಇಳಿದು, ಒಂದು ಕೈಯಲ್ಲಿ ಮೆಂತ್ಯದ ಸೂಡು, ಇನ್ನೊಂದು ಕೈಯಲ್ಲಿ ಸೀಮೆಎಣ್ಣೆಯ ಡಬ್ಬಿ ಹಿಡಿದು ಬಂದೆ. ಅತ್ತೆ ಹೊಸ್ತಿಲಲ್ಲಿದ್ದರು. ಮಾವಶಿ ಆಗಷ್ಟೇ ಹುಲ್ಲಿನ ಹೊರೆ ಇಳಿಸಿದ್ದರು. ಎಲೆಗಳ ನಡುವೆ ಹತ್ತಾರು ಉದ್ದ ಕಡ್ಡಿಗಳು, ಒಂದೊಂದರ ತುದಿಗೂ ಗೇಣುದ್ದದ ಕಂದು ಕೊಂಡೆ, ದಪ್ಪನೆಯ ಊದಿನಕಡ್ಡಿಯ ಹಾಗೆ. ಅತ್ತೆ ಒಂದನ್ನು ಕೈಯಲ್ಲಿ ತಿರುಗಿಸಿ ನೋಡುತ್ತಿದ್ದರು.

“ಇದು ನಮ್ಮ ಹಳ್ಳದ ಆಪಿನಂಗ ಐತಲ್ಲ. ಇಲ್ಲೆ ಏನಂತಾರ ಕೇಳ” ಎಂದರು.

ಕೇಳಿದೆ. “ಹ್ಯಾಲಾ ರಾಮಬಾಣ ಮ್ಹಣತಾತ” ಎಂದರು ಮಾವಶಿ. ಇದಕ್ಕೆ ರಾಮಬಾಣ ಅನ್ನುತ್ತಾರೆ. ಅಷ್ಟೇ. ಕೊಂಕಣದಲ್ಲಿ ಆ ಹುಲ್ಲಿನ ಹೆಸರೇ ಅದು. ನೆಟ್ಟಗೆ ಬಾಣದ ಹಾಗೆ ನಿಲ್ಲುತ್ತದೆಂದು ಇಟ್ಟಿರಬೇಕು.

ಅತ್ತೆಗೆ ನಾನು ಬಾಯಿ ತೆರೆಯುವ ಮೊದಲೇ ಆ ಒಂದು ಶಬ್ದ ಕೇಳಿಸಿತ್ತು. ಕನ್ನಡದಲ್ಲಿ ರಾಮಬಾಣ ಎಂದರೆ ಒಂದೇ ಅರ್ಥ, ಹುಸಿಹೋಗದ ಔಷಧಿ.

“ರಾಮಬಾಣ ಅಂತೇನು? ಯಾತಕ್ಕ?” ಎಂದು ಕೇಳಿದರು. ನಾನು ಚಪ್ಪಲಿ ಕಳಚುತ್ತಿದ್ದೆ. ಅವರು ತಮ್ಮ ಕಾಲಿನ ಪಟ್ಟಿ ತೋರಿಸಿ, “ಗಾಯಕ್ಕೇನು?” ಎಂದರು.

ಮಾವಶಿಯನ್ನು ಕೇಳಬೇಕಿತ್ತು. ಹೆಸರು ಬೇರೆ, ಗುಣ ಬೇರೆ ಎಂದು ಬಿಡಿಸಿ ಹೇಳಬೇಕಿತ್ತು. ಅದಕ್ಕೆ ನಾಲ್ಕು ವಾಕ್ಯ ಬೇಕಿತ್ತು. ನನ್ನಲ್ಲಿ ನಾಲ್ಕು ವಾಕ್ಯ ಇರಲಿಲ್ಲ. ಡಬ್ಬಿಯ ಹಿಡಿ ಬೆರಳು ಕೊರೆಯುತ್ತಿತ್ತು. “ಹ್ಞೂಂ” ಎಂದು ಒಳಗೆ ಹೋದೆ.

ಸ್ಟೋವಿಗೆ ಪಿನ್ ಹಾಕುವಾಗಲೇ ಗೊತ್ತಿತ್ತು, ಹೇಳಬಾರದ್ದನ್ನು ಹೇಳಿದೆ ಎಂದು. ಊಟವಾದ ಮೇಲೆ ಸರಿಪಡಿಸೋಣ ಎಂದುಕೊಂಡೆ. ಊಟವಾದ ಮೇಲೆ ನಿದ್ದೆ ಬಂತು.

ಮರುದಿನ ಆಸ್ಪತ್ರೆಯ ಸರದಿ. ನಾನು ಕೊಡ ತುಂಬಿ ಬರುವಷ್ಟರಲ್ಲಿ ಅತ್ತೆ ಗೋಡೆಗೆ ಒರಗಿ ಕೂತು, ಬೇವಿನ ಎಲೆ ಹಾಕಿ ಕಾಯಿಸಿದ ನೀರಿನಲ್ಲಿ ಕಾಲು ತೊಳೆದಿದ್ದರು. ಕಂದು ಕೊಂಡೆಯನ್ನು ಚಿವುಟಿ, ಒಳಗಿನ ನಯವಾದ ಅರಳೆಯನ್ನು ಗಾಯದ ಮೇಲೆ ಒತ್ತಿ, ಹಳೆಯ ಸೀರೆಯ ಪಟ್ಟಿ ಕಟ್ಟುತ್ತಿದ್ದರು.

“ಇವತ್ತ ದವಾಖಾನಿ ಬ್ಯಾಡ. ಇದರ ಗುಣ ನೋಡೂಣು. ರಾಮನ ಹೆಸರು ಸುಮ್ಮನ ಇಟ್ಟಿರಂಗಿಲ್ಲ. ನೀ ನಿನ್ನ ಗಾಡಿ ಹಿಡಿ, ಹೋಗ.”

ನಾನು ಹೋದೆ. ಆಸ್ಪತ್ರೆಯ ದಿನವಾದರೂ ಅಂದು ಹೊತ್ತಿಗೆ ಸರಿಯಾಗಿ ಹೊರಟೆ. ಎಷ್ಟೋ ವಾರಗಳ ಮೇಲೆ ಲೋಕಲ್ಲಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ದಾದರ್‌ವರೆಗೆ ಕಣ್ಣು ಮುಚ್ಚಿ ಕೂತೆ. ಸುಖ ಎಂದರೆ ಏನೆಂದು ಕೇಳಿದರೆ ನಾನು ಆ ಬೆಳಗಿನ ಸೀಟನ್ನು ತೋರಿಸುತ್ತೇನೆ. ನಾಚಿಕೆ ಎಂದರೆ ಏನೆಂದು ಕೇಳಿದರೂ ಅದನ್ನೇ ತೋರಿಸಬೇಕು.

ಆಸ್ಪತ್ರೆಗೆ ಯಾಕೆ ಹೋಗುತ್ತಿಲ್ಲವೆಂದು ಇವರು ಕೇಳಿದರು. ಅತ್ತೆಯೇ ಉತ್ತರ ಕೊಟ್ಟರು: “ನೋವು ಕಡಿಮಿ ಆಗೇತಿ.” ತಾಯಿಯೇ ಹಾಗೆ ಹೇಳಿದ ಮೇಲೆ ಇವರು ಮತ್ತೆ ಕೇಳಲಿಲ್ಲ. ಒಂದು ವಾರವಾಯಿತು, ಎರಡು ವಾರವಾಯಿತು. ಗಾಯದ ಮೇಲ್ಭಾಗ ಒಣಗಿದಂತೆ ಕಾಣುತ್ತಿತ್ತು. ನೋವು ಇಲ್ಲವೆಂದರೆ ವಾಸಿಯಾಗುತ್ತಿದೆ ಎಂದು ಅರ್ಥ ಮಾಡಿಕೊಂಡೆ. ಸಕ್ಕರೆ ಕಾಯಿಲೆಯವರಲ್ಲಿ ನರ ಸತ್ತರೂ ನೋವು ಇರುವುದಿಲ್ಲ ಎಂಬುದು ಗೊತ್ತಿರಲಿಲ್ಲ. ಗೊತ್ತಿದ್ದವರನ್ನು ಕೇಳಲೂ ಇಲ್ಲ.

ಕೊಂಡೆ ಮುಗಿದಾಗ ನಾನೇ ಭಾನುವಾರ ಮಾವಶಿಯ ಜೊತೆ ತಗ್ಗಿಗೆ ಹೋದೆ. ಯಾಕೆ ಬೇಕೆಂದು ಅವರು ಕೇಳಿದರು. “ದಿಂಬಿಗೆ” ಎಂದೆ. ನಿಜ ಹೇಳಿದ್ದರೆ ಅವರು ಅಲ್ಲೇ ಹಣೆ ಚಚ್ಚಿಕೊಂಡು, ಇದು ಗಾಯಕ್ಕೆ ಹಚ್ಚುವುದಲ್ಲ, ಮುದುಕಿಯನ್ನು ಆಸ್ಪತ್ರೆಗೆ ಕರೆದೊಯ್ಯಿ ಎನ್ನುತ್ತಿದ್ದರು. ಅದಕ್ಕೇ ಹೇಳಲಿಲ್ಲ. ಮೊದಲ ಸುಳ್ಳನ್ನು ದಣಿವಿನ ಮೇಲೆ ಹಾಕಬಹುದು. ಎರಡನೆಯದನ್ನು ನಾನು ಕಣ್ಣು ತೆರೆದುಕೊಂಡೇ ಹೇಳಿದೆ.

ಆ ತಗ್ಗನ್ನು ನಾನು ಹೆದ್ದಾರಿಯಿಂದ ಎಷ್ಟೋ ಸಲ ನೋಡಿದ್ದೆ, ಹತ್ತಿರದಿಂದ ನೋಡಿದ್ದು ಅಂದೇ. ಖಾಡಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಬಲಿತ ಕೊಂಡೆಗಳು ತುದಿಯಿಂದ ಬಿಚ್ಚಿಕೊಳ್ಳುತ್ತಿದ್ದವು. ಮಾವಶಿ ಒಂದನ್ನು ಹಿಡಿದು ಉಗುರಿನಿಂದ ಗೀರಿ ತೋರಿಸಿದರು. ಗಟ್ಟಿಯಾಗಿದ್ದದ್ದು ಒಮ್ಮೆಲೇ ಉಬ್ಬಿ, ಅವರ ಮುಷ್ಟಿ ತುಂಬಿ, ಬೆರಳ ಸಂದಿಯಿಂದ ಹೊರಬಂದು, ನನ್ನ ಮುಖ ಮೂಗೆಲ್ಲ ಮುತ್ತಿತು. ಒಂದೊಂದು ಎಳೆಯ ಬುಡದಲ್ಲೂ ಕಣ್ಣಿಗೆ ಕಂಡೂ ಕಾಣದ ಒಂದು ಬೀಜ. ಗಾಳಿ ಅವನ್ನು ಹೆದ್ದಾರಿಯ ಲಾರಿಗಳ ಮೇಲೆ, ಉಪ್ಪಿನ ರಾಶಿಯ ಮೇಲೆ, ರೈಲು ಹಳಿಯ ಜಲ್ಲಿಯ ಮೇಲೆ ಒಯ್ದು ಹಾಕುತ್ತಿತ್ತು. ಅಲ್ಲೆಲ್ಲ ಬಿದ್ದದ್ದು ಸುಮ್ಮನೆ ಹಾಳು. ಒದ್ದೆ ಮಣ್ಣಿಗೆ ಬಿದ್ದದ್ದು ಮಾತ್ರ ಬದುಕುತ್ತದೆ, ಒಂದು ಬದುಕಿದರೆ ಸಾಕು, ಕೆಸರಿನೊಳಗೆ ಬೇರು ಅಡ್ಡಡ್ಡ ಹರಿದು ವರ್ಷದೊಳಗೆ ಇಡೀ ಹೊಂಡ ಅದರದೇ ಆಗುತ್ತದೆ ಎಂದರು ಮಾವಶಿ. ಕಿತ್ತರೆ ಹೋಗುವುದಿಲ್ಲವೇ ಎಂದು ಕೇಳಿದೆ. ಕಿತ್ತವರು ಸೋಲುತ್ತಾರೆ ಎಂದು ನಕ್ಕರು.

ತಂದ ಕೊಂಡೆಗಳಲ್ಲಿ ಎರಡು ಖೋಲಿಯೊಳಗೇ ಒಡೆದವು. ಬೆಳಿಗ್ಗೆ ಇವರು ಪಾಳಿ ಮುಗಿಸಿ ಬಂದು ಬಾಗಿಲು ತೆಗೆದ ಗಾಳಿಗೆ ಅರಳೆ ಎದ್ದು ಕುಣಿಯಿತು. ಅಕ್ಕಿಯ ಡಬ್ಬಿಯಲ್ಲಿ ಅರಳೆ, ಇವರ ಮೀಸೆಯಲ್ಲಿ ಅರಳೆ, ಒಲೆಯ ಮೇಲಿನ ಸಾರಿನಲ್ಲಿ ಅರಳೆ. ಅಂಗಳದಲ್ಲಿ ಯಾರದೋ ಹಪ್ಪಳ ಒಣಗುತ್ತಿದ್ದವು, ಅವಕ್ಕೂ ಬಿಳಿ ಕೂದಲು ಬಂದವು. ಚಾಳಿನ ಹೆಂಗಸರು ಒಟ್ಟಾಗಿ ಬಂದು ಬೈದರು. ಅವರು ಏನನ್ನುತ್ತಿದ್ದಾರೆಂದು ಅತ್ತೆ ಕೇಳಿದಾಗ, “ಕಸ ಗುಡಸಾಕ ಹೇಳ್ತಾರ್ರಿ” ಎಂದೆ.

“ಇಷ್ಟ ಏನು?” ಎಂದು ಅತ್ತೆ ಇವರ ಧಾಟಿಯಲ್ಲೇ ಕೇಳಿದರು. ಮೂವರೂ ನಕ್ಕೆವು. ಆ ಖೋಲಿಯಲ್ಲಿ ಮೂವರೂ ಒಟ್ಟಿಗೆ ನಕ್ಕದ್ದು ನನಗೆ ನೆನಪಿರುವುದು ಅದೊಂದೇ ಸಲ.

ಬಳಿದು ಕೂಡಿಸಿದ ಅರಳೆಯನ್ನು ನಾನು ಒಂದು ಚೀಲಕ್ಕೆ ತುಂಬಿ ಹೊಲಿದೆ. ಮಾವಶಿಗೆ ಹೇಳಿದ ಸುಳ್ಳು ಹೀಗೆ ನಿಜವಾಯಿತು. ಸಣ್ಣ ದಿಂಬು. ಆಸ್ಪತ್ರೆಯ ಸರದಿ ನಿಂತುಹೋದ ಆ ಬೆಳಗುಗಳಲ್ಲಿ, ನೀರು ತುಂಬಿದ ಮೇಲೆ ಅರ್ಧ ಗಂಟೆ ಅದರ ಮೇಲೆ ತಲೆಯಿಟ್ಟು ಮಲಗುತ್ತಿದ್ದೆ. ಅಷ್ಟು ಒಳ್ಳೆಯ ನಿದ್ದೆ ಆಮೇಲೆ ನನಗೆ ಯಾವ ಹಾಸಿಗೆಯಲ್ಲೂ ಬಂದಿಲ್ಲ.

ಫೆಬ್ರವರಿಯ ಮಧ್ಯದಲ್ಲಿ ಒಂದು ಸಂಜೆ ಬಾಗಿಲು ತೆಗೆದಾಗ ವಾಸನೆ ಬಂತು. ಮೋರಿಯದಿರಬೇಕು ಎಂದುಕೊಂಡು ಫಿನೈಲ್ ಹಾಕಿ ತೊಳೆದೆ. ಮರುದಿನವೂ ಬಂತು. ಊದಿನಕಡ್ಡಿ ಹಚ್ಚಿದೆ. ಅತ್ತೆ ನೋಡಿದರು. ಮೂರನೆಯ ದಿನ ಎರಡು ಊದಿನಕಡ್ಡಿ ಹಚ್ಚಿದೆ. ಅದು ಯಾವುದರ ವಾಸನೆಯೆಂದು ಮೂಗಿಗೆ ಗೊತ್ತಿತ್ತು. ಗೊತ್ತು ಎಂದು ಒಪ್ಪಿಕೊಂಡರೆ ಬೆಳಿಗ್ಗೆ ಆರೂವರೆಗೆ ಮತ್ತೆ ಹೊರಡಬೇಕಾಗುತ್ತದೆ. ಬರೆಯಲು ಕೈ ಹಿಂಜರಿಯುತ್ತದೆ, ಆದರೆ ನಿಜ ಇರುವುದು ಹೀಗೆ. ನಾಲ್ಕನೆಯ ದಿನ ಇವರು ಪಾಳಿಯಿಂದ ಬಂದವರು ಸೀದಾ ತಾಯಿಯ ಕಾಲ ಬಳಿ ಕೂತು ಪಟ್ಟಿ ಬಿಚ್ಚಿದರು.

ಆಸ್ಪತ್ರೆಯಲ್ಲಿ ಅದೇ ಡಾಕ್ಟರು. ಚಿಮಟದಿಂದ ಗಾಯದೊಳಗಿನಿಂದ ಎಳೆ ಎಳೆಯಾಗಿ ಅರಳೆ ತೆಗೆದರು. ಅದು ಬರುತ್ತಲೇ ಇತ್ತು. ಮಾಂಸಕ್ಕೆ ಅಂಟಿ, ಕಪ್ಪಾಗಿ, ಬೀಜಗಳ ಸಮೇತ. ಕೊನೆಗೆ ಚಿಮಟ ಕೆಳಗಿಟ್ಟು, ಇದೇನು, ಇದನ್ನು ಹಚ್ಚಲು ಯಾರು ಹೇಳಿದರು ಎಂದು ನನ್ನನ್ನು ಮರಾಠಿಯಲ್ಲಿ ಕೇಳಿದರು. ಇವರು ನನ್ನ ಪಕ್ಕದಲ್ಲೇ ನಿಂತಿದ್ದರು.

“ಏನ ಕೇಳಾಕತ್ತಾನ?” ಎಂದರು ಅತ್ತೆ.

“ಯಾರ ಹೇಳಿದ್ರು ಅಂತ ಕೇಳ್ತಾರ್ರಿ.”

ಅತ್ತೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಡಾಕ್ಟರ ಕಡೆ ತಿರುಗಿ, ಅವರಿಗೆ ಕನ್ನಡ ಬರುತ್ತದೇನೋ ಎಂಬಂತೆ, “ಯಾರೂ ಹೇಳಿಲ್ಲಪಾ. ಹಳ್ಳಿ ಮುದುಕಿ, ತನ್ನ ತಲಿಗೆ ಬಂದಂಗ ಮಾಡಿಕೊಂಡ್ಲು” ಎಂದರು. ನನಗೆ, “ಹೇಳ ಅಂವಗ” ಎಂದರು.

ನಾನು ಹೇಳಿದೆ. ಒಂದು ಶಬ್ದವನ್ನೂ ಬಿಡದೆ ಹೇಳಿದೆ. ನನ್ನ ಜೀವನದ ಅತ್ಯಂತ ಚೊಕ್ಕ ಅನುವಾದ ಅದು.

ಹೆಬ್ಬೆರಳು, ಅದರ ಪಕ್ಕದ ಬೆರಳು, ಅವುಗಳ ಬುಡದ ಸ್ವಲ್ಪ ಪಾದ ಹೋಯಿತು. ಉಳಿದ ಪಾದ ಉಳಿದದ್ದೇ ದೊಡ್ಡದು ಎಂದರು ಡಾಕ್ಟರು. ಯುಗಾದಿ ಬಂದಾಗ ಅತ್ತೆ ಇನ್ನೂ ಆಸ್ಪತ್ರೆಯ ಮಂಚದ ಮೇಲಿದ್ದರು. ನಾನು ಬೇವು ಬೆಲ್ಲವನ್ನು ಸಣ್ಣ ಡಬ್ಬಿಯಲ್ಲಿ ಒಯ್ದೆ. ತಿಂದರು. ಊರಿನ ರಾಶಿಯ ಮಾತು ಎತ್ತಲಿಲ್ಲ. ನಾನು ಎತ್ತಲಿ ಎಂದು ಕಾದರೋ ಏನೋ, ನಾನೂ ಎತ್ತಲಿಲ್ಲ.

ಅಂದು ಮನೆಗೆ ಬಂದು ದಿಂಬಿನ ಹೊಲಿಗೆ ಬಿಚ್ಚಿದೆ. ಸುಡೋಣವೆಂದರೆ ಸ್ಟೋವಿನ ಬಳಿ ಭಯ, ಹೊರಗೆ ಚೆಲ್ಲೋಣವೆಂದರೆ ಮತ್ತೆ ಹಪ್ಪಳದ ಜಗಳ. ಬಕೆಟ್ಟಿನ ನೀರಿಗೆ ಅದ್ದಿದೆ. ಅರಳೆ ಮೊದಲು ಮುಳುಗಲು ಒಪ್ಪಲಿಲ್ಲ, ಕೈಯಿಂದ ಒತ್ತಿ ಹಿಡಿದೆ. ಸ್ವಲ್ಪ ಹೊತ್ತಿಗೆ ನೂಲು ಮೇಲೆ ತೇಲಿತು. ಬೀಜಗಳು ಅದರಿಂದ ಕಳಚಿಕೊಂಡು ಸಣ್ಣ ರಾಗಿಯ ಹಿಟ್ಟಿನಂತೆ ತಳಕ್ಕೆ ಇಳಿದವು. ಅದನ್ನು ನೋಡುತ್ತ ಕೂತಲ್ಲೇ ನನಗೆ ಅಳು ಬಂತು. ತುಂಬ ಹೊತ್ತು ಅಳುತ್ತ ಕೂತೆ. ಆಮೇಲೆ ಬಕೆಟ್ಟನ್ನು ಮೋರಿಗೆ ಸುರಿದೆ. ಮೋರಿಯ ನೀರು ಗೋಡೆಯ ತೂತಿನಿಂದ ಹೊರಬಿದ್ದು, ನಲ್ಲಿಯ ಕಟ್ಟೆಯ ಪಕ್ಕದ ತೆರೆದ ಗಟಾರಿಗೆ ಸೇರುತ್ತಿತ್ತು.

ಅತ್ತೆ ಊರಿಗೆ ಹೋಗಲಿಲ್ಲ. ಹೊಲದ ಹಾದಿ ನಡೆಯಲಾಗದ ಮೇಲೆ ಅಲ್ಲಿ ಕೂತು ಏನು ಮಾಡಲಿ ಎಂದರು. ನಮ್ಮ ಖೋಲಿಯಿಂದ ನಲ್ಲಿಯ ಕಟ್ಟೆಯವರೆಗೆ ಕೋಲು ಹಿಡಿದು ಹೋಗುವುದು, ಅಲ್ಲಿ ಕೂತು ನೀರಿನ ಸಾಲಿನಲ್ಲಿ ನಮ್ಮ ಕೊಡ ಕಾಯುವುದು, ಮತ್ತೆ ಬರುವುದು. ಅಷ್ಟು ಅವರ ನಡಿಗೆ. ನಾನು ರೊಟ್ಟಿ ಬಡಿಯುವ ರೀತಿಯ ಬಗ್ಗೆ ಮಾತಾಡುವುದನ್ನೂ ಬಿಟ್ಟರು. ಅದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಬೈದಿದ್ದರೆ ಹಗುರಾಗುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಗಟಾರಿನ ಪಕ್ಕದ ಕೆಸರಿನಲ್ಲಿ ಚಪ್ಪಟೆ ಎಲೆಗಳು ಎದ್ದವು. ಚಾಳಿನ ಕಸ ಗುಡಿಸುವವನು ಎರಡು ಸಲ ಕಿತ್ತ. ಮತ್ತೆ ಬಂದವು, ಒಂದಿದ್ದದ್ದು ನಾಲ್ಕಾಗಿ. ಎಲ್ಲಿಂದ ಬಂತೋ ಎಂದು ಎಲ್ಲರಿಗೂ ಸೋಜಿಗ. ನಾನು ಸೋಜಿಗಪಡುವವರ ಜೊತೆ ನಿಂತೆ. ಮರುವರ್ಷದ ಮಳೆ ಮುಗಿದಾಗ ಒಂದು ಕಡ್ಡಿ ನೆಟ್ಟಗೆ ಎದ್ದು ತುದಿಯಲ್ಲಿ ಕಂದು ಕೊಂಡೆ ಹಿಡಿಯಿತು.

ಅಂದು ಬೆಳಿಗ್ಗೆ ನೀರಿನ ಸಾಲಿನಲ್ಲಿ ಮಾವಶಿ, ಅತ್ತೆ, ನಾನು ಮೂವರೇ ಉಳಿದಿದ್ದೆವು. ಮಾವಶಿ ಆ ಕೊಂಡೆಯನ್ನು ನೋಡಿ ಖುಷಿಯಾಗಿ, ರಾಮಬಾಣ ಚಾಳಿಗೇ ಬಂತಲ್ಲ, ನಿಮ್ಮ ಭಾಷೆಯಲ್ಲಿ ಇದಕ್ಕೆ ಏನನ್ನುತ್ತಾರೆ ಎಂದು ನನ್ನನ್ನು ಕೇಳಿದರು. ನಾನು ಉತ್ತರ ಹುಡುಕುವಷ್ಟರಲ್ಲಿ ಅತ್ತೆ ಕೋಲನ್ನು ಆ ಕಡೆ ಚಾಚಿದರು.

“ಆಪು ಅನ್ನು. ನಮ್ಮ ಹಳ್ಳದ ತುಂಬ ಇದ ಐತಿ. ಸಣ್ಣಾಕಿದ್ದಾಗಿಂದ ನೋಡೇನಿ. ಚಾಪಿ ಹೆಣೀತಾರ, ಗುಡಿಸಲಕ್ಕ ಹೊಚ್ಚತಾರ. ಗಾಯಕ್ಕ ಹಚ್ಚಿದವರನ್ನ ಯಾರನ್ನೂ ನೋಡಿಲ್ಲ. ಹೇಳ ಅಕಿಗೆ.”

ನನ್ನ ಕೊಡ ತುಂಬಿ ಹೊರಗೆ ಹರಿಯುತ್ತಿತ್ತು.

“ಗೊತ್ತಿತ್ತೇನ್ರಿ ನಿಮಗ?” ಎಂದೆ. “ಗೊತ್ತಿದ್ದೂ ಯಾಕ ಹಚ್ಚಿಕೊಂಡ್ರಿ, ಅತ್ತಿ?”

ಅವರು ಬಗ್ಗಿ ನಲ್ಲಿ ತಿರುಗಿಸಿ ನಿಲ್ಲಿಸಿದರು.

“ಏನ ಮಾಡೂದವಾ. ಹ್ಞೂಂ ಅಂದಿ. ನಿನಗೂ ಸಾಕಾಗಿತ್ತು, ನನಗೂ ಸಾಕಾಗಿತ್ತು.”

ಮಾವಶಿ ನಮ್ಮಿಬ್ಬರ ಮುಖವನ್ನೂ ನೋಡುತ್ತಿದ್ದರು. ಇಷ್ಟೊತ್ತು ಏನು ಹೇಳಿದರು ಎಂದು ಕೇಳಿದರು.

“ಇದಕ್ಕೆ ಆಪು ಅನ್ನುತ್ತಾರಂತೆ” ಎಂದು ಮರಾಠಿಯಲ್ಲಿ ಹೇಳಿ, ಕೊಡ ಎತ್ತಿಕೊಂಡೆ.